ತುದಿಗೆ ಕೂತ ಭಾರ

ಮೊನ್ನೆ ಬೆಳಿಗ್ಗೆ ಒಲೆಯ ಮೇಲಿಟ್ಟ ಹಾಲು ಉಕ್ಕಿ, ಹರಿದು, ಸೀದು ಹೋಯಿತು. ಆ ಸೀದ ವಾಸನೆ ಇದನ್ನು ಬರೆಯುವಾಗಲೂ ನನ್ನ ಅಡುಗೆಮನೆಯಲ್ಲಿದೆ. ಹಾಲಿನದೇನೂ ತಪ್ಪಿಲ್ಲ. ಅದರ ಮುಂದೆಯೇ ನಿಂತಿದ್ದೆ, ಕಣ್ಣೂ ಬಿಟ್ಟುಕೊಂಡಿದ್ದೆ, ಆದರೆ ಕಿವಿಗೆ ಫೋನು ಹತ್ತಿತ್ತು. ಆ ಕಡೆಯಿಂದ ನನ್ನ ಖಾಲಾ, ಅಂದರೆ ಅಮ್ಮನ ತಂಗಿ, ಕರಜಗಿಯಿಂದ ಮಾತಾಡುತ್ತಿದ್ದಳು.

"ನಾಳಿ ನಮ್ಮ ಗ್ಯಾಲರಿ ಸ್ಲ್ಯಾಬ್ ಹಾಕತಾರ," ಎಂದಳು.

"ಎಷ್ಟೊತ್ತಿಗಿ ಬರ್ಲಿ?" ಎಂದೆ.

"ನೀ ಬರಬ್ಯಾಡ. ಅದನ್ನ ಹೇಳಾಕs ಫೋನ್ ಮಾಡೀನಿ."

ಇಷ್ಟು ಹೇಳಿ ಫೋನು ಇಟ್ಟೇಬಿಟ್ಟಳು. ನೀವೇ ಹೇಳಿ, ಸಿಟ್ಟು ಬರಬೇಕೋ ಬೇಡವೋ? ನಾನು ಜತ್ತದಲ್ಲಿ ಒಂದು ಸಣ್ಣ ಕೋಣೆಯಲ್ಲಿ ಕೂತು ಜನರ ಮನೆಗಳಿಗೆ ನಕ್ಷೆ ಬರೆದುಕೊಡುವ ಇಂಜಿನಿಯರು. ಖಾಲಾಳ ಆ ಗ್ಯಾಲರಿಯ, ಅಂದರೆ ಬೀದಿಯ ಮೇಲಿನ ಬಾಲ್ಕನಿಯ, ನಕ್ಷೆಯೂ ನಾನು ಬರೆದದ್ದೇ. ಎಲ್ಲಿ ಎಷ್ಟು ಕಬ್ಬಿಣ, ಯಾವ ಕಬ್ಬಿಣ ಎಲ್ಲಿಯವರೆಗೆ ಒಳಗೆ ಹೋಗಬೇಕು ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕಳಿಸಿದ್ದೆ. ಅಂದರೆ ನನ್ನ ಕಾಗದ ಬೇಕು, ನಾನು ಬೇಡ. ಮದುವೆಗೆ ಅಡಿಗೆಯವನನ್ನು ಕರೆದು, ಪಂಕ್ತಿಯಲ್ಲಿ ಮಾತ್ರ ಕೂಡಬೇಡ ಎಂದ ಹಾಗಾಯಿತು.

ಹಾಲು ಒರೆಸುತ್ತ ಒರೆಸುತ್ತ ಹಳೆಯದೆಲ್ಲ ಉಕ್ಕಿ ಬಂತು. ನಮ್ಮ ಮನೆಯಲ್ಲಿ ಸಿಟ್ಟು ವಂಶಪಾರಂಪರ್ಯ. ಅಜ್ಜನಿಗೆ ಮೂಗಿನ ತುದಿಯಲ್ಲಿತ್ತು, ಅಮ್ಮನಿಗೆ ನಾಲಿಗೆಯ ತುದಿಯಲ್ಲಿದೆ, ನನಗೆ ಎಲ್ಲ ತುದಿಗಳಲ್ಲೂ ಇದೆ. ಆದರೆ ಈಗ ಹೇಳುತ್ತಿರುವ ಸಿಟ್ಟು ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು. ಅದನ್ನು ನಾನು ಕಾಲೇಜಿನಲ್ಲಿ ಫೀ ಕಟ್ಟಿ ಕಲಿತೆ.

ಅಸಂಗಿಯ ಕನ್ನಡ ಸಾಲೆಯಲ್ಲಿ ಓದಿದವಳು ನಾನು. ರಾಜ್ಯ ಮಹಾರಾಷ್ಟ್ರ, ಅಂಗಡಿಯ ಬೋರ್ಡು ಮರಾಠಿ, ಮನೆಯಲ್ಲಿ ಅರ್ಧ ಕನ್ನಡ ಅರ್ಧ ದಖನಿ, ಸಾಲೆಯಲ್ಲಿ ಪೂರ್ತಿ ಕನ್ನಡ. ಇಷ್ಟು ಭಾಷೆಗಳ ನಡುವೆ ಬೆಳೆದವಳಿಗೆ ಇನ್ನೊಂದೆರಡು ಭಾರವಾಗಲಾರವು ಎಂದುಕೊಂಡೇ ಇಂಜಿನಿಯರಿಂಗ್ ಕಾಲೇಜಿಗೆ ಹೋದೆ. ಅಲ್ಲಿ ಪುಸ್ತಕ ಇಂಗ್ಲಿಷಿನಲ್ಲಿ, ಬೈಗುಳ ಮರಾಠಿಯಲ್ಲಿ. ಎರಡೂ ಬೇಗನೆ ಅರ್ಥವಾಗತೊಡಗಿದವು. ಅರ್ಥವಾಗದೆ ಉಳಿದದ್ದು ಒಂದೇ, ಸ್ಟ್ರೆಂಗ್ತ್ ಆಫ್ ಮಟೀರಿಯಲ್ಸ್ ಎಂಬ ವಿಷಯ. ಒಂದು ವಸ್ತುವಿನ ಮೇಲೆ ಭಾರ ಬಿದ್ದಾಗ ಅದರ ಹೊಟ್ಟೆಯೊಳಗೆ ಏನಾಗುತ್ತದೆ, ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ, ಎಲ್ಲಿಂದ ಮುರಿಯುತ್ತದೆ ಎಂದು ಹೇಳುವ ಶಾಸ್ತ್ರ ಅದು. ಎಂಥ ಚೆಂದದ ವಿಷಯ ನೋಡಿ! ಮನುಷ್ಯರ ಬಗ್ಗೆಯೂ ಇಂಥದೊಂದು ಪುಸ್ತಕ ಇದ್ದಿದ್ದರೆ ಎಷ್ಟು ಸಂಸಾರಗಳು ಉಳಿಯುತ್ತಿದ್ದವೋ.

ಅದನ್ನು ನಮಗೆ ಕಲಿಸುತ್ತಿದ್ದ ಸರ್ ಒಬ್ಬರಿದ್ದರು. ಅವರ ಹೆಸರು ಹೇಳುವುದಿಲ್ಲ, ಹೇಳಿದರೆ ಅವರಿಗೆ ಸಂತೋಷವಾದೀತು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ದನಿ. ಬೋರ್ಡಿನ ಎಡಮೂಲೆಯಿಂದ ಶುರುಮಾಡಿ ಬಲಮೂಲೆಗೆ ಮುಟ್ಟುವಷ್ಟರಲ್ಲಿ ಒಂದು ಸೂತ್ರ ಸಾಧಿಸಿ ಮುಗಿಯುತ್ತಿತ್ತು. ನಾವು ಬರೆದುಕೊಳ್ಳಬೇಕು, ಬಾಯಿಪಾಠ ಮಾಡಬೇಕು, ಪರೀಕ್ಷೆಯಲ್ಲಿ ಇಳಿಸಬೇಕು. ತೊಲೆಯೊಂದು ನಡುವೆ ಕೆಳಗೆ ಬಾಗಿದರೆ ಅದು ನಗುವ ತೊಲೆ, ಅದರ ಚಿಹ್ನೆ ಪ್ಲಸ್. ನಡುವೆ ಮೇಲೆದ್ದು ತುದಿಗಳು ಇಳಿದರೆ ಅದು ಮುಖ ಗಂಟು ಹಾಕಿದ ತೊಲೆ, ಅದರ ಚಿಹ್ನೆ ಮೈನಸ್. ಹೀಗೆ ನೆನಪಿಡಿ ಎಂದು ಸರ್ ಹೇಳಿಕೊಟ್ಟಿದ್ದರು. ಯಾಕೆ ನಗುತ್ತದೆ, ಯಾಕೆ ಮುಖ ಗಂಟು ಹಾಕುತ್ತದೆ ಎಂದು ಕೇಳಿದರೆ ಮಾತ್ರ, "ಸಿಲ್ಯಾಬಸ್ ಮಧೇ ನಾಹೀ," ಎಂದು ಮರಾಠಿಯಲ್ಲಿ ಒಂದೇ ಮಾತು. ಸಿಲೆಬಸ್ಸಿನಲ್ಲಿಲ್ಲ. ನನ್ನ ಮುಖವಂತೂ ಆ ಇಡೀ ವರ್ಷ ಈ ತುದಿಯಿಂದ ಆ ತುದಿಯವರೆಗೆ ಮೈನಸ್ಸೇ.

ಗೋಡೆಯಿಂದ ಹೊರಗೆ ಚಾಚಿಕೊಂಡು, ಮುಂದೆ ಯಾವ ಆಧಾರವೂ ಇಲ್ಲದೆ ನಿಲ್ಲುವ ತೊಲೆಗೆ ಕ್ಯಾಂಟಿಲಿವರ್ ಎನ್ನುತ್ತಾರೆ. ನಿಮ್ಮ ಮನೆಯ ಗ್ಯಾಲರಿ, ಬಾಗಿಲ ಮೇಲಿನ ಛಜ್ಜಾ, ಎಲ್ಲ ಅದೇ. ಮಿಕ್ಕ ತೊಲೆಗಳಲ್ಲಿ ಕಬ್ಬಿಣ ಕೆಳಗಿದ್ದರೆ ಇದರಲ್ಲಿ ಮಾತ್ರ ಮೇಲಿರಬೇಕು ಎಂದು ಸರ್ ಬರೆಸಿದರು. ಬರೆದುಕೊಂಡೆ. ತಲೆಗೆ ಹೋಗಲಿಲ್ಲ. ಭಾರ ಕೆಳಕ್ಕೆ ಎಳೆಯುವಾಗ ಕೆಳಗಲ್ಲವೇ ಕಬ್ಬಿಣ ಇಡಬೇಕಾದದ್ದು?

ಅದು ತಲೆಗೆ ಹೋದದ್ದು ಹಾಸ್ಟೆಲಿನಲ್ಲಿ, ಊಟದ ಹೊತ್ತಿನಲ್ಲಿ. ಅಮ್ಮ ಕಟ್ಟಿ ಕಳಿಸಿದ್ದ ಖಡಕ್ ಜೋಳದ ರೊಟ್ಟಿಯನ್ನು ಒಂದು ಕಡೆ ಬೆರಳಲ್ಲಿ ಬಿಗಿಹಿಡಿದು, ಇನ್ನೊಂದು ಅಂಚನ್ನು ಮೆಲ್ಲಗೆ ಕೆಳಕ್ಕೆ ಒತ್ತಿದೆ. ಬಿರುಕು ಎಲ್ಲಿ ಬಿಟ್ಟಿತು ಗೊತ್ತೇ? ಒತ್ತಿದ ಕಡೆ ಅಲ್ಲ. ನನ್ನ ಬೆರಳುಗಳ ಬುಡದಲ್ಲಿ, ಅದೂ ಮೇಲುಗಡೆಯಲ್ಲಿ. ರೊಟ್ಟಿಯ ಮೇಲುಮೈ ಹಿಗ್ಗಲಾರದೆ ಬಾಯಿಬಿಟ್ಟಿತ್ತು. ಇನ್ನೊಂದು ರೊಟ್ಟಿ ತೆಗೆದೆ, ಅದೂ ಹಾಗೆಯೇ. ಗೆಳತಿಯ ಡಬ್ಬಿಯಿಂದಲೂ ಒಂದು ಎಳೆದೆ. ಅವಳು "ಹುಚ್ಚ ಹಿಡೀತೇನು?" ಎನ್ನುವಷ್ಟರಲ್ಲಿ ಇಡೀ ಅಧ್ಯಾಯ ನನಗೆ ಅರ್ಥವಾಗಿತ್ತು. ಬಿರುಕು ಬಿಡುವಲ್ಲಿ ಹಿಡಿದುಕೊಳ್ಳಲು ಕಬ್ಬಿಣ ಬೇಕು, ಬಿರುಕು ಬಿಡುವುದು ಮೇಲೆ, ಅದಕ್ಕೇ ಕಬ್ಬಿಣ ಮೇಲೆ. ಇಷ್ಟೇ. ಇದನ್ನು ಹೇಳಲು ಒಂದು ರೊಟ್ಟಿ ಸಾಕಿತ್ತು. ಸರ್ ಎರಡು ತಿಂಗಳು ಸುಣ್ಣದ ಕಡ್ಡಿ ಸವೆಸಿದ್ದರು. ಸಂತೋಷ ಎಷ್ಟಾಯಿತೋ ಸಿಟ್ಟೂ ಅಷ್ಟೇ ಬಂತು, ಎರಡನ್ನೂ ಚಟ್ನಿಯ ಜೊತೆ ತಿಂದು ಮುಗಿಸಿದೆ.

ಸರಿಯಾಗಿ ಆ ದಿನಗಳಲ್ಲೇ ಕರಜಗಿಯಲ್ಲಿ ಖಾಲಾಳ ಹೊಸ ಮನೆಯ ಕೆಲಸ ನಡೆದಿತ್ತು. ಅವಳ ಗಂಡ, ನಾವು ಖಾಲೂ ಎನ್ನುವವರು, ಆಡಿನ ವ್ಯಾಪಾರಿ. ಖಾಲಾ ಕೌದಿ ಹೊಲಿಯುವವಳು. ಹಳೆ ಸೀರೆ, ಹಳೆ ಲುಂಗಿಗಳನ್ನು ಪದರ ಪದರವಾಗಿ ಹಾಸಿ ಅವಳು ಹೊಲಿದ ಕೌದಿಗಳು ಸುತ್ತಲ ಊರುಗಳಲ್ಲಿ ಎಷ್ಟೋ ಬಾಣಂತಿಯರನ್ನು ಬೆಚ್ಚಗಿಟ್ಟಿವೆ. ಹಳೆಯ ಮನೆಗೆ ಒಂದು ಬಾಗಿಲು, ಹಿತ್ತಲ ಕಡೆಗೆ ಒಂದು ಕಿಟಕಿ. ಆ ಕಿಟಕಿಯ ಬೆಳಕಿಗೆ ಬೆನ್ನು ಬಾಗಿಸಿ ಕೂತು ಹೊಲಿದು ಹೊಲಿದು ಅವಳಿಗೆ ಇದ್ದದ್ದು ಒಂದೇ ಆಸೆ. ಹೊಸ ಮನೆಗೆ ಬೀದಿಯ ಮೇಲೊಂದು ಗ್ಯಾಲರಿ ಇರಬೇಕು. ಅಲ್ಲಿ ಬೆಳಕಿರಬೇಕು. ಹೊಲಿಯುತ್ತ ಕತ್ತೆತ್ತಿದರೆ ರಸ್ತೆ ಕಾಣಬೇಕು, ಬಸ್ಸು ಕಾಣಬೇಕು, ಯಾರು ಯಾರ ಮನೆಗೆ ಹೋಗುತ್ತಾರೆ ಎಂಬುದೂ ಕಾಣಬೇಕು. ಮಗ್ಗುಲ ಮನೆಗೆ ಹೋಗಬೇಕಾದರೂ ಯಾರನ್ನಾದರೂ ಕೇಳಿ ಹೋಗಬೇಕಾಗಿದ್ದ ಹೆಂಗಸು ಅವಳು. ರಸ್ತೆಯ ಮೇಲೆ ತೂಗಾಡುವ ಆ ಒಂದು ತುಂಡು ಜಾಗ ಅವಳಿಗೆ ಏನು ಎಂಬುದು ನನಗೆ ಗೊತ್ತಿತ್ತು.

ನಮ್ಮ ಕಡೆ ಸ್ಲ್ಯಾಬ್ ಹಾಕುವ ದಿನ ಎಂದರೆ ಅರ್ಧ ಮದುವೆ. ಕಾಂಕ್ರೀಟು ಸುರಿಯುವ ಮೊದಲು ಬೀಗರು, ಬಿಜ್ಜರು, ನೆರೆಯವರು ಎಲ್ಲ ಬರುತ್ತಾರೆ. ಊದಿನಕಡ್ಡಿ ಹಚ್ಚುತ್ತಾರೆ, ಕಾಯಿ ಒಡೆಯುವವರು ಕಾಯಿ, ಫಾತೆಹಾ ಓದಿಸುವವರು ಫಾತೆಹಾ. ಆಮೇಲೆ ನಿಚ್ಚಣಿಕೆ ಹತ್ತಿ ಹಾಸಿದ ಕಬ್ಬಿಣದ ಜಾಲರಿಯ ಮೇಲೆ ಓಡಾಡಿ, "ಭಾಳ ಚಲೋ ಆಗೇತಿ," ಎಂದು ಹೇಳಿ, ಸಕ್ಕರೆ ಹಂಚಿ ಇಳಿಯಬೇಕು. ಹತ್ತದೆ ಹೋದರೆ ಮನೆಯವರಿಗೆ ಅವಮಾನ. ಹತ್ತಿದವರ ಕಾಲಡಿ ಕಬ್ಬಿಣ ಏನಾಗುತ್ತದೆ ಎಂದು ಯಾರೂ ನೋಡುವುದಿಲ್ಲ. ಮೇಲೆ ಹಾಸಿದ ಸರಳುಗಳನ್ನು ಎತ್ತಿ ಹಿಡಿಯಲು ಕೆಳಗೆ ಬಾಗಿಸಿದ ಚಿಕ್ಕ ಕಬ್ಬಿಣದ ತುಂಡುಗಳಿರುತ್ತವೆ, ಕೆಲಸದವರು ಅದಕ್ಕೆ ಕುರ್ಚಿ ಎನ್ನುತ್ತಾರೆ. ಹತ್ತು ಮಂದಿ ಒಟ್ಟಿಗೆ ನಿಂತರೆ ಆ ಕುರ್ಚಿ ಮಲಗುತ್ತದೆ. ಬೇರೆ ಕಡೆ ಮಲಗಿದರೆ ಅಷ್ಟು ಕೇಡಿಲ್ಲ. ಗ್ಯಾಲರಿಯಲ್ಲಿ ಮಲಗಿದರೆ ಮೇಲಿರಬೇಕಾದ ಕಬ್ಬಿಣ ಕೆಳಗೆ ಹೋಯಿತು, ಇಲ್ಲದ್ದಕ್ಕೆ ಸಮ.

ಖಾಲಾಳ ಮನೆಯ ಸ್ಲ್ಯಾಬಿನ ದಿನ ನಾನು ಎಲ್ಲರಿಗಿಂತ ಮೊದಲೇ ಮೇಲೆ ಹತ್ತಿದ್ದೆ. ರೊಟ್ಟಿಯ ಜ್ಞಾನ ಇನ್ನೂ ಬಿಸಿ ಇತ್ತಲ್ಲ. ಮನೆ ಕಟ್ಟುತ್ತಿದ್ದ ಗೌಂಡಿ ಸಿದರಾಯಪ್ಪನನ್ನು ತಡೆದು, "ಗ್ಯಾಲರಿ ಕಬ್ಬಿಣ ಮ್ಯಾಲ ಐತಲ್ಲ?" ಎಂದು ಮಾಸ್ತರಿಣಿಯ ಹಾಗೆ ಕೇಳಿದೆ.

"ಮ್ಯಾಲs ಐತವಾ. ಅಷ್ಟೂ ಗೊತ್ತಿಲ್ಲದ ಗೌಂಡಿ ಆಗೀನೇನು?" ಎಂದ. ನಿಜ, ಸರಿಯಾಗಿಯೇ ಇಟ್ಟಿದ್ದ. ನನಗೆ ನಾಚಿಕೆಯಾಯಿತು, ಕೆಳಗಿಳಿದು ಚಹಾ ಕುಡಿಯಲು ಹೋದೆ.

ತಿರುಗಿ ಬರುವಷ್ಟರಲ್ಲಿ ಗ್ಯಾಲರಿಯ ಮೇಲೆ ಜಾತ್ರೆ. ಯಾರೋ ಫೋಟೋ ತೆಗೆಯುತ್ತಿದ್ದರು. ರಸ್ತೆ ಹಿಂದೆ ಕಾಣಬೇಕೆಂದು ಎಲ್ಲರೂ ಗ್ಯಾಲರಿಯ ಸರಳುಗಳ ಮೇಲೆಯೇ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು. ನಡುವೆ ಖಾಲೂ, ತಲೆಗೆ ಹೊಸ ಟೊಪ್ಪಿಗೆ. "ಬರ್ರಿ, ಬರ್ರಿ, ಇನ್ನೂ ಜಾಗಾ ಐತಿ, ಲಗೂನ ಬರ್ರಿ!" ಎಂದು ಇನ್ನಷ್ಟು ಮಂದಿಯನ್ನು ಕರೆಯುತ್ತಿದ್ದರು. ಅವರ ಕಾಲಡಿಯಲ್ಲಿ ಸರಳುಗಳು ಒಂದೊಂದಾಗಿ ಕೆಳಗಿನ ಹಲಗೆಗೆ ಹತ್ತಿಕೊಳ್ಳುತ್ತಿದ್ದದ್ದು ನನಗೆ ನಿಚ್ಚಣಿಕೆಯ ತುದಿಯಿಂದಲೇ ಕಂಡಿತು.

"ಆ ಕಬ್ಬಿಣದ ಮ್ಯಾಲ ನಿಂದರಬ್ಯಾಡ್ರಿ!" ಎಂದೆ.

ಖಾಲೂ ನಕ್ಕರು. "ಕಬ್ಬಿಣ ಐತವಾ ಅದು, ಹಪ್ಪಳಲ್ಲ."

ಎಲ್ಲರೂ ನಕ್ಕರು. ಫೋಟೋ ಚೆನ್ನಾಗಿ ಬಂದಿರಬೇಕು. ನಾನು ಸಿದರಾಯಪ್ಪನ ಕಡೆ ನೋಡಿದೆ. ಅವನು ದನಿ ತಗ್ಗಿಸಿ, "ಮಾಲಕರು, ಅವರ ಮಂದಿ. ನಾ ಹ್ಯಾಂಗ ಇಳೀರಿ ಅನ್ಲಿ?" ಎಂದ. ಗೊತ್ತಿದ್ದವನು ಬಾಯಿ ಬಿಡಲಾರ, ಬಾಯಿ ಇದ್ದವರಿಗೆ ಗೊತ್ತಿಲ್ಲ. ಆಗ ನನ್ನ ದನಿ ನನ್ನ ಕೈ ಮೀರಿ ಹೋಯಿತು. "ಇದು ಬೀಳತೈತಿ! ಇವತ್ತ ನೀವು ತುಳದದ್ದಕ್ಕs ಇದು ಒಂದಿನ ಬೀಳತೈತಿ, ನೋಡ್ರಿ!" ಎಂದು ಕೂಗಿದೆ.

ಕೆಳಗಿನಿಂದ ಖಾಲಾ, "ಕೈಕು ಚಿಲ್ಲಾತೀ ಗೇ?" ಎಂದು ದಖನಿಯಲ್ಲಿ ಗದರಿದಳು. ಯಾಕೆ ಕಿರುಚುತ್ತೀಯೇ ಎಂದು. ಕೈಯಲ್ಲಿ ಸಕ್ಕರೆಯ ತಟ್ಟೆ ಹಿಡಿದಿದ್ದಳು. ಶುಭದಿನ, ಹೊಸ ಮನೆ, ಇಂಥ ಮಾತು. ಮಂದಿ ಒಬ್ಬೊಬ್ಬರಾಗಿ ಇಳಿದರು, ಆದರೆ ನನ್ನ ಮಾತಿಗೆ ಬೆಲೆ ಕೊಟ್ಟಲ್ಲ, ಮುಖ ಸಿಂಡರಿಸಿಕೊಂಡು. ಅಷ್ಟರಲ್ಲಿ ಕಾಂಕ್ರೀಟಿನ ಮಶೀನು ಗಡಗಡ ಶುರುವಾಗಿತ್ತು. ಅದು ಯಾರಿಗೂ ಕಾಯುವುದಿಲ್ಲ. ಸಿದರಾಯಪ್ಪ ಕೊಕ್ಕೆ ಹಾಕಿ ಕೈಗೆ ಸಿಕ್ಕ ಕೆಲವು ಸರಳು ಎತ್ತಿದ, ಮಿಕ್ಕವುಗಳ ಮೇಲೆ ಕಾಂಕ್ರೀಟು ಬಿದ್ದೇಬಿಟ್ಟಿತು.

ಕೆಳಗಿನ ಆಧಾರದ ಕಂಬಗಳನ್ನು ಬಿಚ್ಚಿದ ದಿನ ಗ್ಯಾಲರಿ ಬೀಳಲಿಲ್ಲ. ಖಾಲೂ ಅದರ ಮೇಲೆ ಹತ್ತಿ, ಸಂತೆಯಲ್ಲಿ ಆಡಿನ ಬೆನ್ನು ಒತ್ತಿ ನೋಡುವ ಹಾಗೆ ಹಿಮ್ಮಡಿಯಿಂದ ಒತ್ತಿ ನೋಡಿ, "ಏನಾಗೇತಿ? ಕಲ್ಲ ಆಗೇತಿ, ಕಲ್ಲ," ಎಂದರಂತೆ. ನಾನು ರಜೆಯಲ್ಲಿ ಹೋಗಿ ನೋಡಿದಾಗ ಗ್ಯಾಲರಿ ಗೋಡೆಗೆ ಸೇರುವ ಬುಡದಲ್ಲಿ, ಮೇಲುಗಡೆ, ಈ ಕೊನೆಯಿಂದ ಆ ಕೊನೆಯವರೆಗೆ ಕೂದಲೆಳೆಯಷ್ಟು ಸಣ್ಣ ಬಿರುಕು. ನನ್ನ ರೊಟ್ಟಿ ಬಿರುಕು ಬಿಟ್ಟ ಜಾಗದಲ್ಲೇ. ಅದಕ್ಕೆ ಸಿಮೆಂಟಿನ ನೀರು ಕುಡಿಸಿ ಮೇಲೆ ಚೆಂದದ ಟೈಲ್ಸ್ ಕೂರಿಸಿದರು. ಬಿರುಕು ಕಾಣದ ಮೇಲೆ ಬಿರುಕು ಇಲ್ಲ ಎಂದೇ ಲೆಕ್ಕ.

ಖಾಲಾ ಕೂರುತ್ತಿದ್ದದ್ದು ಎಲ್ಲಿ ಗೊತ್ತೇ? ಗ್ಯಾಲರಿಯ ತೀರ ತುದಿಗೆ, ಸರಳಿನ ಕಟಕಟೆಗೆ ಬೆನ್ನು ಹಚ್ಚಿ. ಕ್ಯಾಂಟಿಲಿವರಿನ ಲೆಕ್ಕದಲ್ಲಿ ಭಾರ ಎಷ್ಟು ತುದಿಗಿದ್ದರೆ ಬುಡಕ್ಕೆ ಅಷ್ಟು ಜಗ್ಗಾಟ. ಪರೀಕ್ಷೆಗಳಲ್ಲಿ ಯಾವಾಗಲೂ ಭಾರವನ್ನು ತುದಿಯಲ್ಲೇ ಕೊಡುತ್ತಾರೆ, ಒಂದು ಬಾಣ ಕೆಳಕ್ಕೆ ಎಳೆದು ಮೇಲೆ ಡಬ್ಲ್ಯೂ ಎಂದು ಬರೆಯುತ್ತಾರೆ. ನನ್ನ ಕಣ್ಣಿಗೆ ಆ ಬಾಣಕ್ಕೆ ಚಶ್ಮಾ ಇತ್ತು, ಬಾಯಲ್ಲಿ ದಾರ ಇತ್ತು, ಮಡಿಲಲ್ಲಿ ಕೌದಿ ಇತ್ತು.

"ಖಾಲಾ, ಗ್ವಾಡಿ ಕಡೆ ಸರಿದು ಕುಂದ್ರು," ಎಂದು ಕೈ ಮುಗಿದೆ.

"ಅಲ್ಲಿಂದ ರಸ್ತಾ ಕಾಣಂಗಿಲ್ಲ."

"ಕೆಳಗ ಎರಡ ಪೈಪ್ ನಿಂದರಸೋಣು. ಖಾಲೂಗ ಹೇಳು."

"ಹೇಳೀನಿ. ಹೊಸಾ ಮನಿಗಿ ಈಗs ಊರಗೋಲ ಕೊಡ್ಲೇನು ಅಂದ್ರು." ಸೂಜಿಗೆ ದಾರ ಪೋಣಿಸಿ ನನ್ನ ಮುಖ ನೋಡಿದಳು. "ನೀ ಇಷ್ಟ ಓದೀದಿ. ಯಾವತ್ತ ಬೀಳತೈತಿ ಹೇಳು. ಆವತ್ತ ಕುಂದರಂಗಿಲ್ಲ."

ನಾನು ಕಲಿತ ಶಾಸ್ತ್ರ ಎಷ್ಟು ಭಾರಕ್ಕೆ ಎಷ್ಟು ಬಾಗುತ್ತದೆ ಎಂದು ದಶಮಾಂಶದ ಮುಂದೆ ಎಷ್ಟು ಅಂಕಿ ಬೇಕಾದರೂ ಹೇಳುತ್ತದೆ, ಖಾಲಾ ಯಾವತ್ತು ಒಳಗೆ ಕೂರಬೇಕು ಎಂದು ಹೇಳುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ತಾರೀಖು. ನನ್ನ ಹತ್ತಿರ ಇದ್ದದ್ದು ಬರೀ ಬೊಬ್ಬೆ. ಎರಡು ಕಬ್ಬಿಣದ ಪೈಪಿಗೆ ಒಪ್ಪದ ಗಂಡಸಿನ ಮರ್ಯಾದೆಯ ಮೇಲೆ ಸಿಟ್ಟು ಬಂತು. ಜೀವಮಾನದಲ್ಲಿ ಒಮ್ಮೆ ಬೆಳಕು ಕಂಡವಳನ್ನು ಮತ್ತೆ ಕತ್ತಲಿಗೆ ಸರಿ ಎಂದು ಹೇಳಬೇಕಾದ ನನ್ನ ವಿದ್ಯೆಯ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಕಾಲೇಜಿಗೆ ಹೋದವಳೇ ಸರ್ ಮುಂದೆ ಎದ್ದು ನಿಂತೆ. ಅವತ್ತು ಬೋರ್ಡಿನ ಮೇಲೆ ಅದೇ ಚಿತ್ರ, ಗೋಡೆ, ತೊಲೆ, ತುದಿಯಲ್ಲಿ ಬಾಣ. "ಸರ್, ಕಬ್ಬಿಣ ಮ್ಯಾಲಿಂದ ಕೆಳಗ ಸರದಿದ್ರ ಇದು ಎಷ್ಟ ತಡೀತೈತಿ? ಅದನ್ನ ಹ್ಯಾಂಗ ಲೆಕ್ಕಾ ಹಾಕೂದು?" ಎಂದು ನನಗೆ ಬಂದ ಮರಾಠಿಯಲ್ಲಿ ಕೇಳಿದೆ. ಸಿಲೆಬಸ್ಸಿನಲ್ಲಿಲ್ಲ ಎಂದರು. "ಸರ್, ತುದಿಗಿ ಇರೂದು ಬಾಣ ಅಲ್ಲ, ನನ್ನ ಮೌಶಿ," ಎಂದೆ. ಖಾಲಾ ಎಂದರೆ ಅವರಿಗೆ ತಿಳಿಯಲಿಕ್ಕಿಲ್ಲ ಎಂದು ಮೌಶಿ ಎಂದಿದ್ದೆ.

ಸರ್ ಸುಣ್ಣದ ಕೈ ಒರೆಸಿಕೊಂಡರು. "ಮಗ್ ಡಬ್ಲ್ಯೂ ಪನ್ನಾಸ್ ಕಿಲೋ ಘೇ," ಎಂದರು. ಹಾಗಾದರೆ ಡಬ್ಲ್ಯೂ ಐವತ್ತು ಕಿಲೋ ಅಂತ ಹಿಡಿ.

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನನ್ನ ರೊಟ್ಟಿ ತಿಂದ ಗೆಳತಿಯೂ ನಕ್ಕಳು. ಆ ನಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಸರ್ ದಡ್ಡರಾಗಿದ್ದರೆ ಕ್ಷಮಿಸಿಬಿಡುತ್ತಿದ್ದೆ. ಅವರಿಗೆ ಎಲ್ಲ ಗೊತ್ತಿತ್ತು. ಒಂದು ಹಾಳೆ ತೆಗೆದುಕೊಂಡು, "ಬಾ, ಕೂಡು, ನೋಡೋಣ," ಎಂದಿದ್ದರೆ ಆ ಲೆಕ್ಕ ಅರ್ಧ ತಾಸಿನದು. ಆ ಹಾಳೆಯನ್ನು ಖಾಲೂ ಮುಂದೆ ಹಿಡಿದು, ಕಾಲೇಜಿನ ಸಾಹೇಬರೇ ಬರೆದುಕೊಟ್ಟದ್ದು ಎಂದು ಹೇಳಬಹುದಿತ್ತು. ಆ ಸಲದ ಪರೀಕ್ಷೆಯಲ್ಲಿ ಕ್ಯಾಂಟಿಲಿವರಿನ ಪ್ರಶ್ನೆಯೇ ಬಂತು, ನನಗೆ ಪೂರ್ತಿ ಅಂಕ ಬಂದವು. ಆ ಅಂಕಗಳು ಯಾರೋ ನನ್ನ ಅಂಗೈಯಲ್ಲಿ ಉಗುಳಿದ ಹಾಗಿದ್ದವು.

ಆಮೇಲೆ ಡಿಗ್ರಿ ಮುಗಿಯಿತು, ಜತ್ತಕ್ಕೆ ಬಂದೆ. ಗ್ಯಾಲರಿ ನಿಂತೇ ಇತ್ತು. ಹೋದಾಗಲೆಲ್ಲ ಖಾಲೂ, "ಏನ್ ಇಂಜಿನೇರಬಾಯಿ, ನಿಮ್ಮ ಗ್ಯಾಲರಿ ಇನ್ನೂ ಬಿದ್ದಿಲ್ಲಲ್ಲ," ಎಂದು ಕೆಣಕುತ್ತಿದ್ದರು. ನಮ್ಮಲ್ಲಿ ಮಳೆ ಬರುವುದೇ ಕಡಿಮೆ, ಆದರೆ ಬಂದಾಗ ಬಿರುಕು ಹುಡುಕಿಕೊಂಡು ಒಳಗೆ ಹೋಗುತ್ತದೆ. ಟೈಲ್ಸಿನ ಸಂದಿಯಿಂದ ಇಳಿದು, ಸಿಕ್ಕಷ್ಟು ಕಬ್ಬಿಣವನ್ನು ತುಕ್ಕು ಹಿಡಿಸುತ್ತ ಅದು ತನ್ನ ಕೆಲಸ ಮಾಡಿಕೊಂಡಿತ್ತು. ಒಂದು ಸಂಜೆ, ಗಾಳಿ ಇಲ್ಲ, ಮಳೆ ಇಲ್ಲ, ಗ್ಯಾಲರಿ ಬುಡದಲ್ಲಿ ಮುರಿದು ಪೆಟ್ಟಿಗೆಯ ಮುಚ್ಚಳದ ಹಾಗೆ ಕೆಳಕ್ಕೆ ಜೋತುಬಿತ್ತು. ತುದಿಗೆ ಕೂತಿದ್ದ ಖಾಲಾ ಕೌದಿಯ ಸಮೇತ ರಸ್ತೆಗೆ ಜಾರಿ ಬಿದ್ದಳು. ಕೆಳಗೆ ಯಾರೂ ಇರಲಿಲ್ಲ. ಅವಳ ಸೊಂಟ ಮುರಿಯಿತು.

ವಿಜಯಪುರದ ಆಸ್ಪತ್ರೆಗೆ ನಾನು ಓಡಿದೆ. ವರಾಂಡದಲ್ಲಿ ನೆಂಟರೆಲ್ಲ ನೆರೆದಿದ್ದರು, ಅಂದು ಫೋಟೋಕ್ಕೆ ನಿಂತವರೇ. ನಾನು ಬಂದದ್ದು ಕಂಡು ಖಾಲೂ ಎದ್ದು ಬಂದು, ಕಣ್ಣು ಕೆಂಪಗೆ ಮಾಡಿಕೊಂಡು ಹೇಳಿದ ಮಾತು ಇದು:

"ಆವತ್ತ ನೀ ಬಾಯಿ ಮುಚಗೊಂಡಿದ್ರ ಇದು ಬೀಳತಿದ್ದಿಲ್ಲ. ನಿಂದು ಕರಿ ನಾಲಿಗಿ."

ನೀವು ನಗಬಹುದು. ನನಗೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ತುಳಿದ ಕಾಲುಗಳದೇನೂ ತಪ್ಪಿಲ್ಲ, ತುಳಿಯಬೇಡಿ ಎಂದ ನಾಲಿಗೆಯದೇ ತಪ್ಪು! ಬಿರುಕಿದೆ ಎಂದವಳೇ ಬಿರುಕಿನ ತಾಯಿ! ಬಾಯಿ ತೆರೆದೆ, ಅಮ್ಮ ತೋಳು ಹಿಡಿದು, "ಸುಮ್ಕಿರು," ಎಂದಳು. ಬಾಗಿಲು ತೆರೆದೇ ಇತ್ತು. ಒಳಗೆ ಮಂಚದ ಮೇಲೆ ಖಾಲಾಗೆ ಎಲ್ಲ ಕೇಳಿಸಿತ್ತು. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು, ಹುಡುಗಿ ಹೇಳಿದ್ದು ಖರೆ ಇತ್ತು ಎಂದು. ಹೇಳಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಆಮೇಲಿನ ವರ್ಷಗಳಲ್ಲೂ ಹೇಳಲಿಲ್ಲ. ಕೋಲೂರಿಕೊಂಡು ನಡೆಯುವಷ್ಟಾದಳು, ಹಳೆಯ ಮನೆಯಲ್ಲಿದ್ದ ಹಾಗೆಯೇ ಮತ್ತೆ ಹಿತ್ತಲ ಕಡೆಯ ಕಿಟಕಿಯ ಹತ್ತಿರ ಹೊಲಿಯಲು ಕೂತಳು. ನನ್ನನ್ನು ಯಾವ ಮನೆಯ ಸ್ಲ್ಯಾಬಿಗೂ ನೆಂಟರು ಕರೆಯಲಿಲ್ಲ. ಊರವರು ಮಾತ್ರ ಕರೆಯುತ್ತಾರೆ, ಅವರಿಗೆ ನನ್ನ ನಾಲಿಗೆಯ ಬಣ್ಣ ಗೊತ್ತಿಲ್ಲ.

ಈಗ ಆ ಮನೆಯ ಮುಂದಿನ ಭಾಗವನ್ನೇ ಕೆಡವಿ ಗ್ಯಾಲರಿ ಹೊಸದಾಗಿ ಕಟ್ಟುತ್ತಿದ್ದಾರೆ. ನಕ್ಷೆ ನನ್ನದು. ಆದರೂ ಖಾಲಾ ಫೋನಿನಲ್ಲಿ ನೀ ಬರಬ್ಯಾಡ ಎಂದಳು. ಅಂದರೆ ಅವಳೂ ಆ ಕರಿ ನಾಲಿಗೆಯ ಮಾತನ್ನೇ ನಂಬಿದ್ದಾಳೆ ಎಂದಾಯಿತಲ್ಲ? ಒಲೆ ಒರೆಸಿದ ಅರಿವೆ ಬಿಸಾಡಿದೆ. ಮರುದಿನ ಸ್ಕೂಟಿ ಹತ್ತಿ ಕರಜಗಿಗೆ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ, ಇಷ್ಟು ವರ್ಷ ನುಂಗಿದ್ದನ್ನೆಲ್ಲ.

ಮನೆಯ ಮುಂದೆ ನೆಂಟರು ತುಂಬಿದ್ದರು. ಊದಿನಕಡ್ಡಿಯ ಹೊಗೆ, ಸಕ್ಕರೆಯ ತಟ್ಟೆಗಳು, ಹೊಸ ಬಟ್ಟೆಗಳು. ಆದರೆ ಎಲ್ಲರೂ ಕೆಳಗೇ ನಿಂತಿದ್ದರು. ಯಾಕೆಂದು ಹತ್ತಿರ ಹೋಗಿ ನೋಡಿದರೆ, ನಿಚ್ಚಣಿಕೆಯ ಬುಡಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಒತ್ತಿಟ್ಟುಕೊಂಡು ಖಾಲಾ ಕೂತಿದ್ದಳು, ಕುಂಟುಗಾಲನ್ನು ಅಡ್ಡಲಾಗಿ ಚಾಚಿ. ಅವಳ ಕಾಲು ದಾಟದೆ ಒಬ್ಬರೂ ಮೇಲೆ ಹತ್ತುವಂತಿರಲಿಲ್ಲ.

"ಒಂದ ಫೋಟೋ ತಗೊಂಡು ಇಳೀತೀವಿ, ಬಿಡು," ಎಂದು ಯಾರೋ ಅನ್ನುತ್ತಿದ್ದರು.

"ದಾಟಿ ಹೋಗ್ರಿ," ಎಂದಳು ಖಾಲಾ. "ಈ ಕಾಲ ತುಳದs ಹೋಗ್ರಿ. ಒಂದ ಸಲ ತುಳದೀರಿ, ಇನ್ನೊಂದ ಸಲ ತುಳೀರಿ."

ಯಾರೂ ಅಲುಗಲಿಲ್ಲ. ಅವಳ ಕಣ್ಣು ನನ್ನ ಮೇಲೆ ಬಿತ್ತು. "ಬರಬ್ಯಾಡ ಅಂದಿದ್ದೆ," ಎಂದಳು.

"ನನ್ನ ನಾಲಿಗಿ ಕರಿ ಅಂತ ನೀನೂ ನಂಬೀದೇನು?" ಎಂದೆ. ದಾರಿಯಲ್ಲಿ ಜೋಡಿಸಿದ್ದೆಲ್ಲ ಮರೆತು ಇದೊಂದೇ ಉಳಿದಿತ್ತು.

"ಹುಚ್ಚಿ. ನೀ ಬಂದು ಹತ್ತಬ್ಯಾಡ್ರಿ ಅಂದ್ರ ಇವರು ಹಟಕ್ಕ ಬಿದ್ದು ಹತ್ತತಾರ. ನಾ ಕುಂತ್ರ ಯಾರ ಹತ್ತತಾರ?" ಎಂದಳು. ಆಮೇಲೆ ದನಿ ಇಳಿಸದೆ, ಎಲ್ಲರಿಗೂ ಕೇಳುವ ಹಾಗೆ, "ನೀ ಆವತ್ತ ಹೇಳಿದ್ದು ಖರೆ ಇತ್ತು. ನಾ ಆವತ್ತs ಹೇಳಬೇಕಿತ್ತು, ಆಸ್ಪತ್ರ್ಯಾಗ. ಈ ಮನ್ಯಾಗ ಬಾಯಿ ತಗದ್ರ ಮುರದ ಸೊಂಟಾ ಯಾರ ನೋಡ್ಕೋತಾರ ಅಂತ ಅಂಜಿದೆ," ಎಂದಳು. ಖಾಲೂ ನೆಲ ನೋಡುತ್ತಿದ್ದರು. ಖಾಲಾ ಕೈಯಿಂದ ಕಾಲನ್ನು ಎತ್ತಿ ಬದಿಗೆ ಸರಿಸಿದಳು. "ಹತ್ತು. ನೀ ಒಬ್ಬಾಕಿನs ಹತ್ತು. ನೋಡಿ ಹೇಳು."

ಹತ್ತಿದೆ. ಸಿದರಾಯಪ್ಪ ಓಡಾಡಲು ಹಲಗೆ ಹಾಸಿದ್ದ. ಬಗ್ಗಿ ನೋಡಿದೆ. ಸರಳುಗಳೆಲ್ಲ ಮೇಲೆ, ಎಲ್ಲಿರಬೇಕೋ ಅಲ್ಲಿ, ಒಂದೂ ಬಾಗದೆ, ಬುಡದಿಂದ ಒಳಕ್ಕೆ ಎಷ್ಟು ಹೋಗಬೇಕೋ ಅಷ್ಟು ಹೋಗಿ. ಸಂತೋಷವಾಗಬೇಕಿತ್ತು. ಗ್ಯಾಲರಿಯ ಅಂಚಿನಿಂದ ಕೆಳಗೆ ನೋಡಿದರೆ ಅವಳ ಎರಡು ಕಾಲು ಕಂಡವು, ಒಂದು ಇನ್ನೊಂದಕ್ಕಿಂತ ಚಿಕ್ಕದು. ನಾನು ಓದಿದ್ದು, ಬಾಯಿಪಾಠ ಮಾಡಿದ್ದು, ಅಂಕ ತೆಗೆದದ್ದು, ಕೂಗಿದ್ದು, ಕೈ ಮುಗಿದದ್ದು, ಯಾವುದರಿಂದಲೂ ಆಗದ ಕೆಲಸ ಅದು. ಈ ನಾಲ್ಕು ಸರಳು ಮೇಲೆ ನಿಲ್ಲಬೇಕಾದರೆ ಒಬ್ಬ ಹೆಂಗಸಿನ ಸೊಂಟ ಮುರಿಯಬೇಕಾಯಿತು.

"ಬರೋಬ್ಬರಿ ಐತೇನವಾ?" ಎಂದು ಕೆಳಗಿನಿಂದ ಖಾಲೂ ಕೇಳಿದರು. ಆ ಮನೆಯಲ್ಲಿ ಒಬ್ಬ ಗಂಡಸು ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಉತ್ತರ ಹೇಳಲು ಬಾಯಿ ತೆರೆದೆ. ಉತ್ತರಕ್ಕಿಂತ ಮೊದಲು ಸಿಟ್ಟು ಬಂತು, ಬಾಯಿ ಮುಚ್ಚಿದೆ. ಕೈ ಎತ್ತಿ, ಕಾಂಕ್ರೀಟು ಸುರಿಯಿರಿ ಎಂದು ಸನ್ನೆ ಮಾಡಿದೆ.